ಒಟ್ರಾಸಿ, ಒಡ್ಡೊಡ್ಡು, ಚಂದ ಇಲ್ಲ

ನಮ್ಮ ಕಡೆ ಒಂದು ಶಬ್ದ ಉಂಟು, ಒಟ್ರಾಸಿ. ಕೆಲವರು ಒಟ್ರಾಶಿ ಅಂತ ಬರೀತಾರೆ, ಕೆಲವರು ಸ್ವಲ್ಪ ಎಳೆದು ಒಟ್ಟಾರಾಶಿ ಅಂತಾರೆ, ಬಾಯಲ್ಲಿ ಬರುವಾಗ ಎಲ್ಲಾ ಒಂದೇ. ಮಂಗ್ಳೂರು ಉಡುಪಿಯಲ್ಲಿ ಪೇಟೆಗೆ ಹೋಗಿ ಇದೊಂದು ಶಬ್ದ ಕೇಳದೆ ವಾಪಸ್ ಬರುದು ಕಷ್ಟ. ಬಟ್ಟೆ ಮಡಚದೆ ಕಪಾಟಿಗೆ ತುರುಕಿದ್ರೆ ಒಟ್ರಾಸಿ, ಬೈಕನ್ನ ಯಾರದ್ದೋ ಅಂಗಡಿ ಎದುರು ಅಡ್ಡ ನಿಲ್ಸಿ ಹೋದ್ರೆ ಒಟ್ರಾಸಿ, ಸಭೆಯಲ್ಲಿ ಮೈಕ್ ಸಿಕ್ಕಿತು ಅಂತ ವಿಷಯ ಬಿಟ್ಟು ಎಲ್ಲೆಲ್ಲೋ ಹೋಗಿ ಕೊನೆಗೆ ಯಾರಿಗೋ ಬೈದು ಕೂತ್ರೆ ಅದೂ ಒಟ್ರಾಸಿ, ಬಾಯಿಗೆ ಬಂದ ರೇಟ್ ಹೇಳಿದ್ರೂ ಒಟ್ರಾಸಿ. ಇದರಲ್ಲೆಲ್ಲ ತಪ್ಪೇ ಆಗಿದೆ ಅಂತ ಏನಿಲ್ಲ. ಬಟ್ಟೆ ಕಪಾಟಿನ ಒಳಗೇ ಉಂಟು, ಬೈಕ್ ನಿಂತಿದೆ, ಭಾಷಣ ಮುಗಿದಿದೆ. ಆದ್ರೆ ಮಾಡಿದ್ದಕ್ಕೆ ಒಂದು ಕ್ರಮ ಇಲ್ಲ, ನಯ ಇಲ್ಲ, ಮಾಡುವವನಿಗೆ ಅದರ ಮೇಲೆ ಮನಸ್ಸೇ ಇರ್ಲಿಲ್ಲ ಅಂತ ನೋಡಿದ ಕೂಡ್ಲೆ ಗೊತ್ತಾಗ್ತದೆ. ಒಟ್ಟು ರಾಶಿ ಹಾಕಿದ್ದು, ಅಷ್ಟೆ. ಶಬ್ದ ಬಿಡಿಸಿ ನೋಡಿದ್ರೆ ಅರ್ಥ ಅಲ್ಲೇ ಕೂತಿದೆ.

ಘಟ್ಟದ ಮೇಲಿನವರು ಬೇಕಾಬಿಟ್ಟಿ ಅಂತಾರಲ್ಲ, ಅದು ಇದಕ್ಕೆ ಹತ್ತಿರ. ಹತ್ತಿರ ಹೌದು, ಆದ್ರೆ ಬೇಕಾಬಿಟ್ಟಿಯಲ್ಲಿ ಉಡಾಫೆ ಜಾಸ್ತಿ, ಮನುಷ್ಯನಿಗೆ ಬೇಕಂತಲೇ ಲೆಕ್ಕಕ್ಕಿಲ್ಲ ಅನ್ನುವ ಧಾಟಿ. ಒಟ್ರಾಸಿ ಮಾಡುವವ ಪಾಪ ಒಳ್ಳೆ ಜನವೂ ಆಗಿರ್ಬಹುದು.

ಇದೆಲ್ಲ ನಾನ್ಯಾಕೆ ತಲೆಗೆ ಹಾಕ್ಕೊಂಡೆ ಅಂದ್ರೆ ನನ್ನ ಕೆಲಸವೇ ಅಂಥದ್ದು, ಉಡುಪಿಯಲ್ಲಿ ಡಿಟಿಪಿ ಮಾಡುವವ ನಾನು, ಮದುವೆ ಕಾಗದ, ಗೃಹಪ್ರವೇಶ, ಬ್ರಹ್ಮಕಲಶೋತ್ಸವದ ಆಮಂತ್ರಣ, ಫ್ಲೆಕ್ಸು, ಶಾಲೆಯ ವಾರ್ಷಿಕೋತ್ಸವದ್ದು, ಎಲ್ಲಾ. ಗಿರಾಕಿಗಳಿಗೆ ಡಿಸೈನ್ ಭಾಷೆ ಗೊತ್ತಿರುದಿಲ್ಲ, ಗೊತ್ತಿರಬೇಕಾದ್ದೂ ಇಲ್ಲ. ಪ್ರೂಫ್ ಕೈಗೆ ಕೊಟ್ರೆ ಒಂದು ನಿಮಿಷ ನೋಡ್ತಾರೆ, ಕನ್ನಡಕ ತೆಗೀತಾರೆ, ಪುನಃ ಹಾಕ್ತಾರೆ, "ಎಲ್ಲಾ ಸರಿ ಉಂಟು ಮಾರ್ರೆ, ಆದ್ರೆ ಎಂತದೋ ಚಂದ ಕಾಣುದಿಲ್ಲ" ಅಂತಾರೆ. ಈ "ಎಂತದೋ" ಎಂತ ಅಂತ ಕಂಡುಹಿಡಿಯುದೇ ನನ್ನ ಹೊಟ್ಟೆಪಾಡು.

ಮೊನ್ನೆ ಮೊನ್ನೆ ಬಂದ ಒಂದು ದೇವಸ್ಥಾನದ ಆಮಂತ್ರಣದ ವಿಷಯ ಹೇಳ್ತೇನೆ. ಬೇರೆ ಕಡೆ ಮಾಡ್ಸಿ ತಂದದ್ದು, ಸ್ವಲ್ಪ ಸರಿ ಮಾಡಿ ಕೊಡಿ ಅಂತ. ಸಮಿತಿಯವರ ಹೆಸರು ಒಂದು ಪುಟ ತುಂಬ ಉಂಟು, ಯಾರದ್ದನ್ನೂ ಬಿಡುವ ಹಾಗಿಲ್ಲ, ಬಿಟ್ರೆ ಆ ವರ್ಷದ ಜಾತ್ರೆಯೇ ಬೇರೆ ಆಗ್ತದೆ. ಹಾಗಾಗಿ ಮಾಡಿದವ ಎಲ್ಲಾ ಹಿಡಿಸ್ಲಿಕ್ಕೆ ಸಾಲಿನ ಮಧ್ಯದ ಜಾಗ ಒತ್ತಿ ಒತ್ತಿ ಸಣ್ಣ ಮಾಡಿದ್ದಾನೆ. ಇಂಗ್ಲಿಷಲ್ಲಿ ಹಾಗೆ ಮಾಡಿದ್ರೆ ಸ್ವಲ್ಪ ಮಟ್ಟಿಗೆ ನಡೀತದೆ, ಕನ್ನಡದಲ್ಲಿ ನಡಿಯುದಿಲ್ಲ, ಯಾಕಂದ್ರೆ ನಮ್ಮ ಅಕ್ಷರ ಕೆಳಗೂ ಇಳೀತದೆ. ಲಕ್ಷ್ಮೀ ಅಂತ ಬರೆದು ನೋಡಿ, ಶಾಸ್ತ್ರಿ ಅಂತ ಬರೆದು ನೋಡಿ, ಒಂದು ಅಕ್ಷರಕ್ಕೆ ಎರಡೆರಡು ಒತ್ತು, ಒಂದರ ಕೆಳಗೆ ಒಂದೋ ಬದಿಗೋ ನೇತಾಡ್ತದೆ. ಆ ಒತ್ತು ಹೋಗಿ ಕೆಳಗಿನ ಸಾಲಿನ ಗುಡಿಸಿಗೆ, ತಲೆಕಟ್ಟಿಗೆ ತಾಗ್ತದೆ. ತಾಗಿದ್ರೆ ಓದ್ಲಿಕ್ಕೆ ಆಗುದಿಲ್ಲ ಅಂತಲ್ಲ, ಓದ್ಬಹುದು, ಆದ್ರೆ ಕಣ್ಣು ಪ್ರತಿ ಸಾಲಿಗೂ ಎಡವಿ ಎಡವಿ ಹೋಗ್ತದೆ. ಮತ್ತೆ ಹೆಸರಿಗೊಂದು ಫಾಂಟು, ಊರಿಗೊಂದು ಫಾಂಟು, ಅಧ್ಯಕ್ಷರಿಗೆ ನೆರಳು ಬಿಟ್ಟ ಅಕ್ಷರ, ಗೌರವಾಧ್ಯಕ್ಷರಿಗೆ ಹೊಳೆಯುವ ಅಕ್ಷರ. ತಂದವರೇ ಹೇಳಿದ್ರು, "ಒಟ್ರಾಸಿ ಆಗಿದೆ ಅಲ್ವಾ?" ಅಂತ. ನಾನು ಹೌದು ಅಂತ ಹೇಳ್ಲಿಲ್ಲ, ಮಾಡಿದವನೂ ನಮ್ಮ ಲೈನಿನವನೇ. ಸಾಲಿನ ಜಾಗ ಬಿಟ್ಟೆ, ಫಾಂಟು ಎರಡಕ್ಕೆ ಇಳಿಸಿದೆ, ಪುಟ ಒಂದು ಜಾಸ್ತಿ ಆಯ್ತು, ಖರ್ಚೂ ಸ್ವಲ್ಪ ಜಾಸ್ತಿ ಆಯ್ತು, "ಈಗ ಚಂದ ಆಯ್ತು ನೋಡಿ" ಅಂತ ತಗೊಂಡು ಹೋದ್ರು.

ಗಮನಿಸಿ, ಅವರು ಆ ಡಿಸೈನ್ ಮಾಡಿದವನಿಗೆ ಏನೂ ಹೇಳ್ಲಿಲ್ಲ. ಕೆಲಸ ಒಟ್ರಾಸಿ ಅಂದ್ರು. ನನಗೆ ಇದು ಸಣ್ಣ ವಿಷಯ ಅಂತ ಕಾಣುದಿಲ್ಲ. ಯಾಕಂದ್ರೆ ಕನ್ನಡದಲ್ಲಿ ಸೊಗಸಿಲ್ಲ, ನಾಜೂಕಿಲ್ಲ ಅಂತ ಹೇಳ್ಲಿಕ್ಕೆ ಇರುವ ಉಳಿದ ಶಬ್ದ ಒಂದೊಂದೇ ತೆಗೆದು ನೋಡಿದ್ರೆ ಅದರಲ್ಲಿ ಅರ್ಧಕ್ಕರ್ಧ ಯಾರನ್ನೋ ಬೈಯುವಂಥದ್ದೇ.

ಗಮಾರ ತಗೊಳ್ಳಿ. ಹಿಂದಿಯ ಗಂವಾರ್, ಅಂದ್ರೆ ಗಾಂವ್‌ನವ, ಹಳ್ಳಿಯವ, ಮೂಲ ಅದೇ ಸಂಸ್ಕೃತದ ಗ್ರಾಮ. ನಾವು ಅದಕ್ಕೆ ಪುನಃ ಹಳ್ಳಿ ಸೇರ್ಸಿ ಹಳ್ಳಿ ಗಮಾರ ಅಂತೇವೆ, ಅಂದ್ರೆ ಹಳ್ಳಿಯ ಹಳ್ಳಿಯವ. ಒಂದ್ಸಲ ಬೈದದ್ದು ಸಾಕಾಗ್ಲಿಲ್ಲ ಅಂತ ಎರಡು ಸಲ. ಹಳ್ಳಿಗುಗ್ಗು ಇನ್ನೊಂದು. ಗ್ರಾಮ್ಯ ಅಂತೂ ಮರ್ಯಾದಸ್ತರ ಬೈಗುಳ, ಶಾಲೆಯ ಕನ್ನಡ ಮೇಷ್ಟ್ರು ಹೇಳ್ತಾರಲ್ಲ, ಗ್ರಾಮ್ಯ ಭಾಷೆ ಬಳಸ್ಬಾರ್ದು ಅಂತ. ಆಚೆ ಕಡೆ ಹೊಗಳಿಕೆಯ ಶಬ್ದ ನೋಡಿದ್ರೆ ನಾಗರಿಕ, ಅದು ನಗರದಿಂದ. ಒಟ್ಟು ಪೇಟೆಯಲ್ಲಿ ಕೂತವರೇ ಡಿಕ್ಷನರಿ ಮಾಡಿದ್ದು ಅಂತ ಸಾಬೀತಾಯ್ತು. ಇದು ನಮ್ಮಲ್ಲಿ ಮಾತ್ರ ಅಂತಲೂ ಅಲ್ಲ, ಇಂಗ್ಲಿಷಿನ ವಿಲನ್ ಕೂಡ ಹಿಂದೆ ಜಮೀನ್ದಾರನ ಗದ್ದೆಯಲ್ಲಿ ದುಡಿಯುವ ಆಳೇ ಆಗಿದ್ದದ್ದು, ಪಾಪ, ಬರ್ತಾ ಬರ್ತಾ ಸಿನೆಮಾದಲ್ಲಿ ಹೊಡ್ಸಿಕೊಳ್ಳುವ ಹಾಗೆ ಆಯ್ತು.

ಗ್ರಾಮ್ಯ ಅನ್ನುದು ಅಲಂಕಾರ ಶಾಸ್ತ್ರದಲ್ಲಿ, ಅಂದ್ರೆ ಕಾವ್ಯ ಹೇಗಿರ್ಬೇಕು ಅಂತ ಹೇಳುವ ಶಾಸ್ತ್ರದಲ್ಲಿ, ಒಂದು ದೋಷ. ಸಂಸ್ಕೃತದ ದಂಡಿ ಬರೆದ ಕಾವ್ಯಾದರ್ಶದಲ್ಲಿ ಇದಕ್ಕೆ ಒಳ್ಳೆ ಉದಾಹರಣೆ ಉಂಟು, ನಮ್ಮ ಕವಿರಾಜಮಾರ್ಗ, ಸುಮಾರು 850ರ ಹೊತ್ತಿನದ್ದು, ಅದಕ್ಕೂ ಈ ದಂಡಿಯದ್ದೇ ಆಧಾರ, ಹಾಗಾಗಿ ಸಂಬಂಧ ಇಲ್ಲದವ ಅಂತಲೂ ಹೇಳುವ ಹಾಗಿಲ್ಲ. ಒಬ್ಬ ಹೇಳ್ತಾನೆ, ಹುಡುಗಿ, ನಾನು ನಿನ್ನನ್ನ ಬಯಸ್ತೇನೆ, ನೀನ್ಯಾಕೆ ನನ್ನನ್ನ ಬಯಸುದಿಲ್ಲ ಅಂತ. ಇದು ಗ್ರಾಮ್ಯ ಅಂತೆ. ಇನ್ನೊಬ್ಬ ಹೇಳ್ತಾನೆ, ಈ ಪಾಪಿ ಮನ್ಮಥ ನನ್ನ ಮೇಲೆ ಕರುಣೆಯೇ ಇಲ್ಲದ ಹಾಗೆ ನಡ್ಕೊಳ್ತಾನೆ, ಪುಣ್ಯಕ್ಕೆ ನಿನ್ನ ಮೇಲೆ ಅವನಿಗೆ ಹಗೆ ಇಲ್ಲ ಅಂತ. ಇದು ಗ್ರಾಮ್ಯ ಅಲ್ಲ, ಇದರಲ್ಲಿ ರಸ ಉಂಟಂತೆ. ವಿಷಯ ಎರಡರಲ್ಲೂ ಒಂದೇ, ಸುತ್ತಿ ಹೇಳಿದ್ದು ಮಾತ್ರ ವ್ಯತ್ಯಾಸ. ಶಾಸ್ತ್ರ ಎಂತ ಬೇಕಾದ್ರೂ ಹೇಳ್ಲಿ, ನನ್ನ ಓಟು ಮೊದಲಿನವನಿಗೆ. ಅವನಿಗೆ ಆ ಹುಡುಗಿ ಹೌದು ಅಂತಲೋ ಇಲ್ಲ ಅಂತಲೋ ಹೇಳ್ಬಹುದು, ಎರಡನೆಯವನಿಗೆ ಎಂತ ಹೇಳುದು, ಮನ್ಮಥನಿಗೆ ಹೇಳ್ತೇನೆ ಅಂತಲಾ?

ಆದ್ರೆ ನೇರ ಹೇಳಿದ್ದೆಲ್ಲ ಚಂದ ಅಂತ ನಾನು ವಾದ ಮಾಡ್ಲಿಕ್ಕೆ ಹೊರಟದ್ದಲ್ಲ. ನೇರ ಹೇಳುದರಲ್ಲೂ ಒಂದು ನಯ ಉಂಟು, ಅದು ಇಲ್ಲದಿದ್ರೆ ಕನ್ನಡದಲ್ಲಿ ಅದಕ್ಕೆ ಒಡ್ಡೊಡ್ಡು ಅಂತಾರೆ. ಒಡ್ಡೊಡ್ಡಾಗಿ ಮಾತಾಡ್ತಾನೆ, ಒಡ್ಡೊಡ್ಡಾಗಿ ಬರೆದಿದ್ದಾನೆ. ಈ ಶಬ್ದ ಕೇಳುವಾಗಲೇ ಕಲ್ಲಿಗೆ ಕಲ್ಲು ತಾಗಿದ ಹಾಗೆ, ಡ್ಡ ಡ್ಡ ಅಂತ, ಇಂಗ್ಲಿಷಿನ ಅನೇಕ ಶಬ್ದಕ್ಕಿಂತ ಇದೇ ಗಟ್ಟಿ. ನಯ ಇಲ್ಲದ್ದು, ಉಜ್ಜದ್ದು, ಏಣು ತೆಗೆಯದ್ದು. ಒರಟು ಅಂತ ಇನ್ನೊಂದು ಉಂಟು, ಅದು ಕೈಗೆ ತಾಗುವಂಥದ್ದು, ಒರಟು ಬಟ್ಟೆ, ಒರಟು ಅಂಗೈ, ಒರಟು ಮನುಷ್ಯನೂ ಹೌದು, ಆದ್ರೆ ಒರಟು ಮನುಷ್ಯನಿಗೆ ಒಳ್ಳೆ ಮನಸ್ಸು ಇರ್ಬಹುದು ಅಂತ ನಮ್ಮ ಸಿನೆಮಾದವರು ಎಷ್ಟೋ ವರ್ಷದಿಂದ ಹೇಳ್ತಾ ಬಂದಿದ್ದಾರೆ. ಒಡ್ಡೊಡ್ಡಿಗೆ ಆ ರಿಯಾಯಿತಿ ಇಲ್ಲ.

ಈ ಒಡ್ಡೊಡ್ಡು ಬಳಸುವಾಗ ನನಗೆ ಸ್ವಲ್ಪ ನಾಲಗೆ ತಡೀತದೆ, ಕಾರಣ ಹೇಳ್ತೇನೆ. ಕೆಲವರು ಇದನ್ನೇ ಒಡ್ಡ, ವಡ್ಡ ಅಂತ ಮಾಡಿ ಮನುಷ್ಯನಿಗೆ ಹೇಳ್ತಾರೆ, ಅವನೊಬ್ಬ ವಡ್ಡ ಅಂತ. ವಡ್ಡರು ಅಂತ ಒಂದು ಸಮುದಾಯವೇ ಉಂಟು, ಭೋವಿ ಅಂತಲೂ ಹೇಳ್ತಾರೆ, ಕಲ್ಲು ಒಡೆಯುವ, ಮಣ್ಣು ಅಗೆಯುವ, ಕೆರೆ ಕಟ್ಟುವ ಕೆಲಸ ಅವರದ್ದು ತಲೆತಲಾಂತರದಿಂದ, ಸೊನ್ನಲಿಗೆಯಲ್ಲಿ, ಅಂದ್ರೆ ಈಗಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ 12ನೇ ಶತಮಾನದ ಶರಣ ಸಿದ್ಧರಾಮನ ಜಯಂತಿ ಅವರು ಮಾಡುದು ಅದಕ್ಕೇ. ಕಟ್ಟಿದ ಕೆರೆಯ ನೀರು ಕುಡಿದು ಕಟ್ಟಿದವರ ಹೆಸರನ್ನ ನಯ ಇಲ್ಲದವರಿಗೆ ಇಟ್ಟರೆ ಹೇಗೆ ಮಾರ್ರೆ. ಒಡ್ಡೊಡ್ಡು ಹೇಳುವವನ ಮನಸ್ಸಲ್ಲಿ ಅದು ಇಲ್ಲದೆಯೂ ಇರ್ಬಹುದು, ಆದ್ರೆ ಕೇಳುವವನ ಕಿವಿಗೆ ಎರಡೂ ಒಂದೇ ಥರ ಬೀಳ್ತದೆ. ಹಾಗಾಗಿ ನಾನು ಕಾಗದದ ಮೇಲೆ ಆ ಶಬ್ದ ಬಂದ್ರೆ ಬದಲಿಸಿ ಬಿಡ್ತೇನೆ, ಬರೆದವರ ಹತ್ತಿರ ಕೇಳಿಯೇ.

ತಮಾಷೆ ಎಂತ ಅಂದ್ರೆ ಇದೇ ಒಡ್ಡು ನಮ್ಮ ಯಕ್ಷಗಾನದ ಅತೀ ಗಾಂಭೀರ್ಯದ ಜಾಗದಲ್ಲೂ ಉಂಟು. ಒಡ್ಡೋಲಗ. ಒಡ್ಡು ಅಂದ್ರೆ ಹಳೆಗನ್ನಡದಲ್ಲಿ ಗುಂಪು, ಸೇನೆ, ರಾಶಿ ಅಂತೆಲ್ಲ ಉಂಟು, ಓಲಗ ಅಂದ್ರೆ ಆಸ್ಥಾನ, ಕೂಡಿದ್ರೆ ತುಂಬಿದ ಸಭೆ. ತೆರೆ ಹಿಡಿದು, ಚೆಂಡೆ ಏರ್ತಾ ಏರ್ತಾ, ಮೊದಲು ಕಿರೀಟದ ತುದಿ, ಮತ್ತೆ ಬೆನ್ನು, ಮತ್ತೆ ಒಂದು ಕಣ್ಣು ಕಂಡ ಹಾಗೆ ಮಾಡಿ ಪಾತ್ರ ಪೂರ್ತಿ ಎದುರು ಬರುವಷ್ಟರಲ್ಲಿ ನಿದ್ದೆ ಮಾಡಿದವರೆಲ್ಲ ಎದ್ದು ಕೂತಿರ್ತಾರೆ. ಒಡ್ಡು ಇಲ್ಲಿ ಠೀವಿ, ಅಲ್ಲಿ ಒಡ್ಡೊಡ್ಡು.

ಕಿಟ್ಟೆಲ್ ನಿಘಂಟು ನಮ್ಮ ಮಂಗ್ಳೂರಲ್ಲೇ ಅಚ್ಚಾದದ್ದು, 1894ರಲ್ಲಿ, ಬಾಸೆಲ್ ಮಿಶನ್‌ನವರು ತಂದದ್ದು, 1700ಕ್ಕೂ ಮೇಲೆ ಪುಟ. ಅದಕ್ಕಿಂತ ಮೊದಲು 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, ಅದೂ ಇಲ್ಲಿಯೇ. ಆಮೇಲೆ ಉಡುಪಿಯಲ್ಲಿ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟದಲ್ಲಿ ತುಳು ನಿಘಂಟು ಬಂತು, ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ. ಹಿಂದೆ ಒಂದೇ ಆಗಿದ್ದ ನಮ್ಮ ಜಿಲ್ಲೆಯ ಮಟ್ಟಿಗೆ ಇಷ್ಟು ನಿಘಂಟು ಹೆಚ್ಚೇ ಆಯ್ತು ಅಂತ ಹೇಳ್ಬೇಕು. ಆದ್ರೂ ಇಲ್ಲಿಯ ಜನ ಪೇಟೆಯಲ್ಲಿ ನಿಂತು ಒಂದು ವಸ್ತು ಚಂದ ಇಲ್ಲ ಅಂತ ಹೇಗೆ ಹೇಳ್ತಾರೆ ಅನ್ನುದನ್ನ ಕೇಳಿಯೇ ಕಲೀಬೇಕು, ಶಬ್ದಕ್ಕಿಂತ ಜಾಸ್ತಿ ಅದರ ರಾಗದಲ್ಲಿ ಉಂಟು.

ಯಾಕಂದ್ರೆ ಚಂದ ಅನ್ನುದು ನಮ್ಮಲ್ಲಿ ಬರೀ ನೋಡ್ಲಿಕ್ಕೆ ಇರುವ ವಿಷಯ ಅಲ್ಲ. ಚಂದ ಮಾಡಿ ಊಟ ಮಾಡಿ ಅಂತೇವೆ, ಅಂದ್ರೆ ಅವಸರ ಮಾಡ್ಬೇಡಿ, ಸಂಕೋಚ ಮಾಡ್ಬೇಡಿ ಅಂತ. ಚಂದ ಮಾಡಿ ಕಟ್ಟಿ ಕೊಡಿ ಅಂತ ಅಂಗಡಿಯವನಿಗೆ ಹೇಳ್ತೇವೆ, ಬಿಚ್ಚಿ ಹೋಗ್ಬಾರ್ದು ಅಂತ. ಮಕ್ಕಳಿಗೆ ಚಂದದಲ್ಲಿ ಹೇಳ್ತಾ ಇದ್ದೇನೆ ಅಂದ್ರೆ ಮುಂದಿನದ್ದು ಬೆತ್ತ. "ಮತ್ತೆ ಚಂದ ಆಗ್ಲಿಕ್ಕಿಲ್ಲ ಆಯ್ತಾ" ಅಂತ ಒಬ್ಬ ಮೆಲ್ಲ ಹೇಳಿದ್ರೆ ಅದು ಸೌಂದರ್ಯದ ವಿಷಯ ಅಂತ ತಿಳ್ಕೊಂಡು ಅಲ್ಲೇ ನಿಲ್ಬೇಡಿ. ಹೀಗೆ ಚಂದ ಅಂದ್ರೆ ಸರಿಯಾದ ರೀತಿ, ಅದಕ್ಕೆ ಒಪ್ಪುವ ರೀತಿ. ತುಳುವಲ್ಲಿ ಪೊರ್ಲು. ಪೊರ್ಲಾತ್ಂಡ್ ಅಂದ್ರೆ ಚಂದ ಆಯ್ತು, ಪೊರ್ಲು ಇಜ್ಜಿ ಅಂದ್ರೆ ಮುಗೀತು, ಪುನಃ ಮಾಡಿ.

ಲಾಯ್ಕ ಇನ್ನೊಂದು. ಇದು ಅರಬ್ಬಿಯಿಂದ ಹಿಂದೂಸ್ತಾನಿ ದಾಟಿ ಬಂದ ಲಾಯಕ್ಕು, ತಕ್ಕದ್ದು, ಯೋಗ್ಯ ಅಂತ ಅರ್ಥ. ಘಟ್ಟದ ಮೇಲೆ ಅದು ಅರ್ಜಿ ಹಾಕುವ ಭಾಷೆಯಲ್ಲೇ ಉಳೀತು, ಈ ಹುದ್ದೆಗೆ ಲಾಯಕ್ಕು, ಬೈಯುವಾಗ ನಾಲಾಯಕ್ಕು. ಇಲ್ಲಿ ಅದು ಅಡುಗೆ ಮನೆಗೆ ಬಂತು, ಕಿವಿಗೆ ಬಂತು, ಕಣ್ಣಿಗೆ ಬಂತು. ಸಾರು ಲಾಯ್ಕಾಗಿದೆ, ಹಾಡು ಲಾಯ್ಕುಂಟು, ಹವ್ಯಕರಲ್ಲಿ ಲಾಯಿಕಿದ್ದು, ಕುಂದಾಪ್ರ ಕಡೆ ಲಾಯ್ಕ್ ಇತ್ತ್. ಶೋಕು ಹಾಗೇ. ಮೇಲೆ ಶೋಕಿ ಅಂದ್ರೆ ಅಪ್ಪನ ದುಡ್ಡಲ್ಲಿ ಮೆರೆಯುದು, ತುಳುವಲ್ಲಿ ಶೋಕುಂಡು ಅಂದ್ರೆ ಶುದ್ಧ ಹೊಗಳಿಕೆ, ಒಂದು ಚೂರೂ ಕೊಂಕಿಲ್ಲ. ಒಂದೇ ಶಬ್ದ ಘಟ್ಟ ಇಳಿದದ್ದೇ ಜಾತಕ ಬದಲಾಯ್ತು. ಮಳೆ ಜಾಸ್ತಿ ಆದದ್ದಕ್ಕೋ ಏನೋ.

ಈಗ ನನಗೆ ಬೇಕಾದ ವಿಷಯ ಬಂತು. ಲಾಯ್ಕ ಅಂದ್ರೆ ತಕ್ಕದ್ದು ಅಂತಾದ್ರೆ ಲಾಯ್ಕ ಇಲ್ಲ ಅಂದ್ರೆ ಆ ಜಾಗಕ್ಕೆ ತಕ್ಕದ್ದಲ್ಲ ಅಂತ. ನಾಜೂಕಿಲ್ಲ ಅನ್ನುದಕ್ಕೂ ಇದಕ್ಕೂ ಇರುವ ದೂರ ನೋಡಿ. ನಾಜೂಕು ಪಾರಸಿ ಶಬ್ದ, ಮೃದು, ಕೋಮಲ ಅಂತ, ನಾಜೂಕಿನವರಿಗೆ ಮಾತ್ರ ಅದು ಸಿಗುದು. ಲಾಯ್ಕ ಎಲ್ಲರಿಗೂ ಸಿಗ್ತದೆ. ಯಕ್ಷಗಾನದಲ್ಲಿ ತೆಂಕುತಿಟ್ಟಿನ, ಅಂದ್ರೆ ದಕ್ಷಿಣದ ಶೈಲಿಯ, ಬಣ್ಣದ ವೇಷ ನೋಡಿದವರಿಗೆ ಇದು ಗೊತ್ತುಂಟು. ಅಕ್ಕಿ ಹಿಟ್ಟು ಸುಣ್ಣ ಕಲಸಿ ಮುಖದ ತುಂಬ ಚಿಟ್ಟಿ ಇಡ್ತಾರೆ, ಒಂದೊಂದೇ ಚುಕ್ಕೆ, ಒಣಗಿದ ಮೇಲೆ ಅದರ ಮೇಲೆ ಇನ್ನೊಂದು, ಗಂಟೆಗಟ್ಲೆ ಕೂತು. ಕೊನೆಗೆ ಎದ್ದು ಬರುದು ಒಂದು ರಾಕ್ಷಸ, ಮುಳ್ಳು ಮುಳ್ಳು ಮುಖ, ಅಬ್ಬರ ಕೊಟ್ರೆ ಎದುರು ಕೂತ ಮಕ್ಕಳು ಅಮ್ಮನ ಸೀರೆ ಹಿಡೀತಾವೆ. ಅದರಲ್ಲಿ ಕೋಮಲ ಅನ್ನುವ ಒಂದೂ ಇಲ್ಲ. ಆದ್ರೂ ಮರುದಿನ ಹೋಟ್ಲಲ್ಲಿ ಜನ ಮಾತಾಡುದು ಎಂತ, ಬಣ್ಣದ ವೇಷ ಚಂದ ಆಗಿತ್ತು ಅಂತ. ಯಾವಾಗ ಚಂದ ಆಗ್ಲಿಲ್ಲ ಅಂತಾರೆ ಅಂದ್ರೆ ರಾಕ್ಷಸ ಕೃಷ್ಣನ ಹಾಗೆ ಮೆಲ್ಲಮೆಲ್ಲ ಹೆಜ್ಜೆ ಹಾಕಿ ಹೋದಾಗ.

ಕ್ಷೇಮೇಂದ್ರ ಅಂತ 11ನೇ ಶತಮಾನದ ಕಾಶ್ಮೀರದವ, ಔಚಿತ್ಯ ಅಂತ ಇದನ್ನೇ ಹೇಳಿದ್ದು. ಡಾಬು ತೆಗೆದು ಕೊರಳಿಗೆ ಹಾಕ್ಕೊಂಡ್ರೆ, ಹಾರ ತೆಗೆದು ಸೊಂಟಕ್ಕೆ ಕಟ್ಟಿದ್ರೆ ನೋಡಿದವರು ನಗದೆ ಇರ್ತಾರಾ ಅಂತ ಕೇಳ್ತಾನೆ. ಎರಡೂ ಚಿನ್ನವೇ, ಎರಡೂ ಒಳ್ಳೆ ಕೆಲಸದ್ದೇ. ಉಡುಪಿಯಲ್ಲಿ ಪರ್ಯಾಯ, ಅಂದ್ರೆ ಕೃಷ್ಣ ಮಠದ ಪೂಜೆಯ ಅಧಿಕಾರ ಒಬ್ಬರು ಸ್ವಾಮಿಗಳಿಂದ ಇನ್ನೊಬ್ಬರಿಗೆ ಹೋಗುದು, ಎರಡು ವರ್ಷಕ್ಕೊಮ್ಮೆ, ಜನವರಿ 18 ಹತ್ತಿರ ಬರುವಾಗ ಪೇಟೆಯ ಕಂಬ ಕಂಬಕ್ಕೆ ಫ್ಲೆಕ್ಸು, ನಮಗೂ ಅದೇ ಸೀಸನ್ನು, ಆಗ ಈ ಕ್ಷೇಮೇಂದ್ರನ ನೆನಪಾಗ್ತದೆ. ಶುಭಾಶಯ ಯಾರಿಗೋ ಆ ಸ್ವಾಮಿಗಳ ಫೋಟೋ ಸಣ್ಣ, ಕೋರುವವನ ಫೋಟೋ ದೊಡ್ಡ, ಕೋರುವವನ ಕಣ್ಣಿಗೆ ಕಪ್ಪು ಕನ್ನಡಕ. ನಾನೇ ಮಾಡಿ ಕೊಟ್ಟದ್ದುಂಟು, ಸುಳ್ಳು ಯಾಕೆ ಹೇಳುದು, ದುಡ್ಡು ಕೊಡುವವರು ಅವರು. ಪ್ರತಿಯೊಂದೂ ಬೇರೆ ಬೇರೆ ನೋಡಿದ್ರೆ ತಕ್ಕಮಟ್ಟಿಗೆ ಇರ್ತದೆ, ರಸ್ತೆಯಲ್ಲಿ ಒಟ್ಟಿಗೆ ನಿಂತು ನೋಡಿದ್ರೆ ಒಟ್ರಾಸಿ.

ಚಂದ ಇಲ್ಲದ್ದು ಅಂದ್ರೆ ತಪ್ಪು ಅಂತಲ್ಲ ಅಂತ ಮೊದಲೇ ಹೇಳಿದೆ, ಅದು ನನಗೆ ಗಟ್ಟಿ ಆದದ್ದು ಅಕ್ಕನ ಮಗನಿಂದ. ಮಂಗ್ಳೂರಲ್ಲಿ ಸಾಫ್ಟ್‌ವೇರ್ ಕೆಲಸ ಅವನಿಗೆ, ಭಾನುವಾರ ಬಂದ್ರೆ ಆಫೀಸಿನ ಕತೆ. "ಮಾಮ, ಆ ಕೋಡ್ ಓಡ್ತದೆ, ರಿಸಲ್ಟ್ ಕೂಡ ಸರಿ ಬರ್ತದೆ, ಆದ್ರೆ ನೋಡ್ಲಿಕ್ಕೆ ಆಗುದಿಲ್ಲ, ಒಟ್ರಾಸಿ ಬರ್ದಿಟ್ಟಿದ್ದಾರೆ" ಅಂತ. ಓಡ್ತದೆ ಅಂದ್ರೆ ಮತ್ತೆಂತ ನಿನಗೆ ಅಂತ ಕೇಳಿದೆ. ಒಂದೇ ಲೆಕ್ಕವನ್ನ ಏಳು ಕಡೆ ಬೇರೆ ಬೇರೆ ಬರ್ದಿದ್ದಾರೆ, ಬಡ್ಡಿ ದರ ಬದಲಾದ್ರೆ ಏಳು ಕಡೆಯೂ ಹುಡ್ಕಿ ಬದಲಿಸ್ಬೇಕು, ಒಂದು ಕಡೆ ಬಿಟ್ಟು ಹೋದ್ರೆ ಆಯ್ತು ಕತೆ ಅಂದ. ಅಂದ್ರೆ ಅವನಿಗೆ ಚಂದ ಅನ್ನುದು ಶೋಕಿಯ ವಿಷಯ ಅಲ್ಲ, ನಾಳೆ ಅದನ್ನ ಮುಟ್ಟುವವನ ಮೇಲಿನ ಕರುಣೆ. ನನ್ನ ಲೈನಲ್ಲೂ ಹಾಗೇ ಉಂಟು. ಹಳೆ ನುಡಿ ಫಾಂಟಲ್ಲಿ, ಅಂದ್ರೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರ್ಸಿದ ಫಾಂಟಲ್ಲಿ, ಟೈಪ್ ಮಾಡಿ, ಸಾಲು ಸರಿ ಕೂರ್ಲಿಕ್ಕೆ ಅಂತ ಸ್ಪೇಸ್ ಬಾರ್ ಒತ್ತಿ ಒತ್ತಿ ಜಾಗ ಬಿಟ್ಟ ಫೈಲ್ ಕೊಡ್ತಾರೆ. ಪ್ರಿಂಟ್ ತೆಗೆದ್ರೆ ಏನೂ ಗೊತ್ತಾಗುದಿಲ್ಲ, ಲಕ್ಷಣವಾಗಿಯೇ ಉಂಟು. ಅದನ್ನೇ ಯುನಿಕೋಡ್ ಫಾಂಟಿಗೆ ತಂದು ನೋಡಿ, ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಚೆಲ್ಲಾಪಿಲ್ಲಿ, ಕನ್ವರ್ಟರಿಗೆ ಹಾಕಿ ಪುನಃ ಕೂತು ಒತ್ತು, ಅರ್ಕಾವತ್ತು ಒಂದೊಂದೇ ನೋಡ್ಬೇಕು.

ಅಕ್ಕನ ಮಗ ಆಗ ಹೇಳಿದ ಇನ್ನೊಂದು ವಿಷಯ, ಗಣಿತದವರಿಗೂ ಈ ಖಾಯಿಲೆ ಉಂಟಂತೆ. ನಕ್ಷೆಯಲ್ಲಿ ಅಕ್ಕಪಕ್ಕದ ದೇಶಕ್ಕೆ ಒಂದೇ ಬಣ್ಣ ಬರದ ಹಾಗೆ ಬಣ್ಣ ಹಾಕ್ಲಿಕ್ಕೆ ನಾಲ್ಕೇ ಬಣ್ಣ ಸಾಕು ಅಂತ ಒಂದು ಮಾತು 1852ರಿಂದ ಸಾಬೀತಾಗದೆ ಉಳಿದಿತ್ತು. 1976ರಲ್ಲಿ ಅಮೆರಿಕದ ಇಲಿನಾಯ್ಸ್‌ನಲ್ಲಿ ಅಪೆಲ್ ಮತ್ತು ಹಾಕನ್ ಅಂತ ಇಬ್ಬರು ಅದನ್ನ ಸಾಧಿಸಿದ್ರು, ಹೇಗೆ ಅಂದ್ರೆ ಸಾವಿರಕ್ಕೂ ಮಿಕ್ಕಿ ಬೇರೆ ಬೇರೆ ಪ್ರಕರಣ ಮಾಡಿ ಒಂದೊಂದನ್ನೂ ಕಂಪ್ಯೂಟರಲ್ಲಿ ಓಡ್ಸಿ ನೋಡಿ. ಸಾಧನೆ ಆಯ್ತು, ಆದ್ರೆ ಎಷ್ಟೋ ಗಣಿತಜ್ಞರಿಗೆ ಖುಷಿ ಆಗ್ಲಿಲ್ಲ. ಯಾಕೆ ನಾಲ್ಕೇ ಸಾಕು ಅನ್ನುದು ಅದನ್ನ ಓದಿದ್ರೂ ತಲೆಗೆ ಹೊಳೆಯುದಿಲ್ಲ, ಒಂದೊಂದೇ ನೋಡಿದ್ದೇವೆ ಎಲ್ಲಾ ಸರಿ ಉಂಟು ಅಂತ ಮಾತ್ರ. ನಮ್ಮ ಗಿರಾಕಿಗಳ ಭಾಷೆಯಲ್ಲಿ ಹೇಳುದಾದ್ರೆ ಎಲ್ಲಾ ಸರಿ ಉಂಟು ಮಾರ್ರೆ, ಆದ್ರೆ ಎಂತದೋ ಚಂದ ಇಲ್ಲ. ಅಷ್ಟು ದೊಡ್ಡ ಜನ ಹಾಗೆ ಹೇಳಿದ್ರು ಅಂತ ಕೇಳಿದ ಮೇಲೆ ನನ್ನ ಗಿರಾಕಿಗಳ ಮೇಲೆ ನನಗೆ ಸ್ವಲ್ಪ ಗೌರವ ಜಾಸ್ತಿ ಆಯ್ತು.

ಅಸಡ್ಡಾಳ ಬಿಟ್ಟು ಹೋಯ್ತು ನೋಡಿ. ಮೈಸೂರು ಕಡೆಯವರ ಬಾಯಲ್ಲಿ ಜಾಸ್ತಿ ಕೇಳಿದ್ದು, ಅಸಡ್ಡಾಳವಾಗಿ ಬಟ್ಟೆ ಹಾಕ್ಕೊಂಡು ಬಂದಿದ್ದಾನೆ ಅಂತ. ಒಳ್ಳೆ ಶಬ್ದ, ಬಾಯಿ ತುಂಬ ಬರ್ತದೆ. ಎಡವಟ್ಟು ಉಂಟು, ಅಂಕುಡೊಂಕು ಉಂಟು, ಅಂದಗೇಡಿ ಉಂಟು. ಅಂದಗೇಡಿಯನ್ನ ಮನುಷ್ಯರಿಗೆ, ಅದೂ ಹೆಂಗಸರಿಗೇ ಜಾಸ್ತಿ ಹೇಳುದು, ಹಾಗಾಗಿ ನನ್ನ ಲಿಸ್ಟಲ್ಲಿ ಅದೂ ಔಟ್.

ಒಟ್ರಾಸಿ ಮಾತ್ರ ಕೆಲಸಕ್ಕೆ ಅಂಟುವ ಶಬ್ದ, ಮನುಷ್ಯನಿಗೆ ಅಂಟುದಿಲ್ಲ, ಅದಕ್ಕೇ ಅದು ಮೇಲು ಅಂತ ನಾನು ಅಂಗಡಿಯಲ್ಲಿ ಬಂದವರಿಗೆಲ್ಲ ಭಾಷಣ ಬಿಡ್ತಿದ್ದೆ. ನಮ್ಮಲ್ಲಿ ಈಗ ಬಾಗಲಕೋಟೆ ಕಡೆಯ ಹುಡುಗ ಒಬ್ಬ ಕೆಲಸಕ್ಕಿದ್ದಾನೆ, ಚುರುಕು, ಫೋಟೋಶಾಪಲ್ಲಿ ನನ್ನಿಂದ ಫಾಸ್ಟ್. ಬಂದ ಹೊಸತರಲ್ಲಿ "ಅಣ್ಣಾರ, ಒಟ್ರಾಸಿ ಅಂದ್ರ ಏನ್ರಿ" ಅಂತ ಕೇಳಿದ್ದ, ನಾನು ಇದೇ ಪುರಾಣ ಎಲ್ಲಾ ಹೇಳಿದ್ದೆ. ಅವರ ಕಡೆ ಅಡ್ನಾಡಿ ಅಂತ ಉಂಟಂತೆ, ಅದು ಮನುಷ್ಯನಿಗೇ ಹೇಳುದು. ಮೊನ್ನೆ ಒಬ್ಬರು ಮದುವೆ ಕಾಗದದ ತಿದ್ದುಪಡಿಯನ್ನ ವಾಟ್ಸಾಪಲ್ಲಿ ಒಂದೊಂದು ಹೆಸರಿಗೆ ಒಂದೊಂದು ವಾಯ್ಸ್ ಮೆಸೇಜ್ ಮಾಡಿ ಕಳ್ಸಿದ್ರು, ಅದೂ ರಾತ್ರಿ, ಅದೂ ಹಿಂದೆ ಟಿವಿ ಓಡ್ತಾ ಇರುವಾಗ, ಒಂದರಲ್ಲಿ ಹೇಳಿದ್ದನ್ನ ಇನ್ನೊಂದರಲ್ಲಿ ಬೇಡ ಅಂತ. ಇವ ಬೆಳಿಗ್ಗೆ ಕೂತು ಎಲ್ಲಾ ಕೇಳಿ ಹೆಡ್‌ಫೋನ್ ತೆಗೆದು ಮೇಜಿಗೆ ಇಟ್ಟು ಹೇಳಿದ, "ಅಂವ ಭಾಳ ಒಟ್ರಾಸಿ ಮನಷ್ಯಾ ಅದಾನ್ರಿ."

ಲ್ಯಾಮಿನೇಶನ್ ಮಾಡ್ಸ್ಲಿಕ್ಕೆ ಬಂದು ನಿಂತಿದ್ದ ಕಾಪುವಿನ ಅಜ್ಜ ಒಬ್ಬರು, "ಸರಿಯಾಗಿ ಹೇಳಿದೆ ನೀನು ಮಗಾ" ಅಂದ್ರು.